ಎರಡನೇ ಪಲ್ಸ್‌ನಿಂದ ಎಕ್ಸೈಟಾನ್ ಅಳಿಸುವುದು: ನನ್ನ ಅನುಭವ

ಮೊದಲ ಲೇಸರ್ ಪಲ್ಸ್ ಹುಟ್ಟಿಸಿದ ಎಕ್ಸೈಟಾನ್‌ಗಳನ್ನು (ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗವಾದ ಹೋಲ್ ಒಂದಕ್ಕೊಂದು ಅಂಟಿಕೊಂಡ ಜೋಡಿಗಳನ್ನು), ಅದರ ಹಿಂದೆಯೇ ಬರುವ ಇನ್ನೊಂದು ಪಲ್ಸ್ ಅಳಿಸಿಹಾಕಬಲ್ಲದು. ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಮ್ ವೆಲ್‌ಗಳಲ್ಲಿ (ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವ ಅತಿ ತೆಳು ಪದರಗಳಲ್ಲಿ) ಇದನ್ನು 1995ರಲ್ಲಿ ಹೆಬರ್ಲೆ, ಬೌಂಬರ್ಗ್ ಮತ್ತು ಕೋಹ್ಲರ್ ಮಾಡಿ ತೋರಿಸಿದರು. ನಾನು ಆ ಪ್ರಯೋಗ ಕಟ್ಟಿದ ಬಗೆ ಇಲ್ಲಿದೆ.

ಸ್ಯಾಂಪಲ್‌ನಲ್ಲಿ 10 ನ್ಯಾನೊಮೀಟರ್ ದಪ್ಪದ ಹತ್ತು ವೆಲ್‌ಗಳಿವೆ. ಹೀಲಿಯಂ ಕ್ರಯೋಸ್ಟಾಟ್‌ನಲ್ಲಿ 5 ಕೆಲ್ವಿನ್‌ಗೆ ಇಳಿಸಿದಾಗ ಹೆವಿ ಹೋಲ್ ಎಕ್ಸೈಟಾನ್ 798 ನ್ಯಾನೊಮೀಟರ್ ಹತ್ತಿರ ಕೂರುತ್ತದೆ, ಲೈಟ್ ಹೋಲ್ ಅದಕ್ಕಿಂತ 12 ಮಿಲಿ ಎಲೆಕ್ಟ್ರಾನ್ ವೋಲ್ಟ್ ಮೇಲೆ (ಹೆವಿ, ಲೈಟ್ ಎಂದರೆ ಭಾರವಾಗಿ ಮತ್ತು ಹಗುರವಾಗಿ ವರ್ತಿಸುವ ಎರಡು ಬಗೆಯ ಹೋಲ್‌ಗಳು). ಹೆವಿ ಹೋಲ್ ಗೆರೆಯ ಅಗಲ 0.3 ಮಿಲಿ ಎಲೆಕ್ಟ್ರಾನ್ ವೋಲ್ಟ್, ಅಂದರೆ T2 ಸುಮಾರು 4.4 ಪಿಕೊಸೆಕೆಂಡ್. T2 ಎಂದರೆ ಕೊಹೆರೆನ್ಸ್, ಅಂದರೆ ಎಕ್ಸೈಟಾನ್‌ಗಳ ಫೇಸ್ (ಅಲೆಯ ಹಂತ) ಹೊಂದಿಕೊಂಡಿರುವ ಗುಣ, ಕರಗುವ ಕಾಲ. ಈ ಅಗಲ 1 ಮಿಲಿ ಎಲೆಕ್ಟ್ರಾನ್ ವೋಲ್ಟ್ ದಾಟಿದ ಸ್ಯಾಂಪಲ್ ಆಗಿದ್ದರೆ ಮುಂದಿನ ಕೆಲಸಕ್ಕೆ ಕೈಹಾಕಬೇಡಿ. ಎರಡನೇ ಪಲ್ಸ್ ತಲುಪುವ ಹೊತ್ತಿಗೆ ಅಳಿಸಲು ಬೇಕಾದ ಕೊಹೆರೆನ್ಸ್ ಬಹುಪಾಲು ಕರಗಿರುತ್ತದೆ. ತುಂಡನ್ನು ಒಂದು ಮೂಲೆಯಲ್ಲಿ ಮಾತ್ರ ಬೆಳ್ಳಿ ಪೇಸ್ಟ್‌ನಿಂದ ಅಂಟಿಸಿ. ಪೂರ್ತಿ ಅಂಟಿಸಿದರೆ ತಣ್ಣಗಾಗುವಾಗ ಎಳೆತ ಬಿದ್ದು ಗೆರೆ ಸರಿಯುತ್ತದೆ, ಕೆಲವೊಮ್ಮೆ ಸೀಳುತ್ತದೆ. ತಲಾಧಾರವಾದ ಗ್ಯಾಲಿಯಂ ಆರ್ಸೆನೈಡ್ ಈ ತರಂಗಾಂತರವನ್ನು ನುಂಗುವುದರಿಂದ ನಾನು ಪ್ರತಿಫಲನದಲ್ಲೇ ಅಳೆಯುತ್ತೇನೆ. ಹಿಂಬದಿ ಕೊರೆಯುವ ಗೊಡವೆ ಇಲ್ಲ.

ಟೈಟೇನಿಯಂ ಸಫೈರ್ ಲೇಸರ್‌ನ 100 ಫೆಮ್ಟೊಸೆಕೆಂಡ್ ಪಲ್ಸ್ ಇಲ್ಲಿಗೆ ಅತಿ ಅಗಲ. ಅದರ 18 ಮಿಲಿ ಎಲೆಕ್ಟ್ರಾನ್ ವೋಲ್ಟ್ ಹರವು ಲೈಟ್ ಹೋಲನ್ನೂ ಮುಕ್ತ ಕ್ಯಾರಿಯರ್‌ಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಗ್ರೇಟಿಂಗ್ ಶೇಪರ್‌ನ (ಪಲ್ಸ್‌ನ ಬಣ್ಣಗಳನ್ನು ಹರಡಿ ಬೇಕಾದಷ್ಟನ್ನೇ ಬಿಡುವ ಸಾಧನ) ಸೀಳಿನಿಂದ 6 ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗೆ ಕತ್ತರಿಸಿ 300 ಫೆಮ್ಟೊಸೆಕೆಂಡ್ ಮಾಡಿಕೊಂಡು, ಕೇಂದ್ರವನ್ನು ಹೆವಿ ಹೋಲ್‌ಗಿಂತ ತುಸು ಕೆಳಗೆ ಇಡುತ್ತೇನೆ.

ಕಷ್ಟವೆಲ್ಲ ಇರುವುದು ಇಂಟರ್‌ಫೆರೋಮೀಟರ್‌ನಲ್ಲಿ. ಪಂಪ್ ಜೋಡಿ (ಹುಟ್ಟಿಸುವ ಮತ್ತು ಅಳಿಸುವ ಎರಡು ಪಲ್ಸ್) ಹುಟ್ಟುವುದು ಮೈಕೆಲ್ಸನ್‌ನಲ್ಲಿ, ಅಂದರೆ ಬೆಳಕನ್ನು ಎರಡಾಗಿ ಸೀಳಿ ಕನ್ನಡಿಗಳಿಂದ ಮರಳಿಸಿ ಸೇರಿಸುವ ಇಂಟರ್‌ಫೆರೋಮೀಟರ್‌ನಲ್ಲಿ. ಕನ್ನಡಿ 10 ನ್ಯಾನೊಮೀಟರ್ ಅಲುಗಿದರೂ ಫೇಸ್ 9 ಡಿಗ್ರಿ ತಪ್ಪುತ್ತದೆ. ಹೀಲಿಯಂ ನಿಯಾನ್ ಲೇಸರನ್ನು ಅದೇ ಕನ್ನಡಿಗಳ ಮೇಲೆ ಹಾಯಿಸಿ, ಎರಡು ಫೋಟೊಡಯೋಡ್‌ಗಳ ವ್ಯತ್ಯಾಸವನ್ನು ಸೊನ್ನೆಯಲ್ಲಿ ಹಿಡಿಯುವಂತೆ, ಕನ್ನಡಿಯನ್ನು ನವಿರಾಗಿ ಸರಿಸುವ ಪೀಜೋಗೆ ಫೀಡ್‌ಬ್ಯಾಕ್ ಕೊಟ್ಟಿದ್ದೇನೆ; ಇದೇ ಲಾಕ್. ಒಂದೇ ಡಯೋಡ್ ಇಟ್ಟರೆ ಲೇಸರ್ ಪವರ್ ಏರಿಳಿದಾಗ ಲಾಕ್ ಕೂಡ ಸರಿಯುತ್ತದೆ. ಹೀಲಿಯಂ ನಿಯಾನ್‌ನ ಒಂದು ಫ್ರಿಂಜ್ (ಬೆಳಕು-ಕತ್ತಲೆಯ ಒಂದು ಸುತ್ತು) ದಾಟಿಸಿದರೆ 798 ನ್ಯಾನೊಮೀಟರ್‌ನ ಫೇಸ್ 285 ಡಿಗ್ರಿ ತಿರುಗುತ್ತದೆ. ಉಳಿದ ಅಂತರವನ್ನು ಲಾಕ್‌ನ ಸೆಟ್‌ಪಾಯಿಂಟ್ ಸರಿಸಿ ತುಂಬಿಸಿ. ಮೈಕೆಲ್ಸನ್ ಮೇಲೆ ಮುಚ್ಚಳವಿರುವ ಪೆಟ್ಟಿಗೆ ಬೇಕೇ ಬೇಕು, ಏಸಿ ಗಾಳಿ ಸೋಕಿದರೆ ಲಾಕ್ ನಿಲ್ಲದು. ಕ್ರಯೋಸ್ಟಾಟ್ ಅಲುಗುವುದಕ್ಕೆ ಇಷ್ಟು ಹೆದರಬೇಕಿಲ್ಲ. ಎರಡೂ ಪಲ್ಸ್ ಒಂದೇ ದಾರಿಯಲ್ಲಿ ಹೋಗುವುದರಿಂದ ಆ ಅಲುಗಾಟ ಎರಡಕ್ಕೂ ಸಮ.

ಫಲಿತಾಂಶ ಸಪ್ಪೆಯಾಗಿ, ಕಾಂಟ್ರಾಸ್ಟ್ (ಹೆಚ್ಚಿಸುವ ಮತ್ತು ಅಳಿಸುವ ಫೇಸ್‌ಗಳ ನಡುವಿನ ಸಿಗ್ನಲ್ ವ್ಯತ್ಯಾಸ) ಕಾರಣವಿಲ್ಲದೆ ಕುಸಿದಾಗ ನಾನು ಮೊದಲು ಹುಡುಕುವುದು ಚೆಲ್ಲಿದ ಕೆಂಪು ಬೆಳಕನ್ನು. ಹೀಲಿಯಂ ನಿಯಾನ್ ಫೋಟಾನ್‌ಗೆ 1.96 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ. ಸ್ವಲ್ಪ ಸ್ಯಾಂಪಲ್ ಮುಟ್ಟಿದರೂ ಅದು ಮುಕ್ತ ಕ್ಯಾರಿಯರ್ ಸೃಷ್ಟಿಸಿ ಎಕ್ಸೈಟಾನ್‌ಗಳ ಫೇಸ್ ಕೆಡಿಸುತ್ತದೆ. ಅದನ್ನು ಬೇರೆ ಎತ್ತರದಲ್ಲಿ ಹಾಯಿಸಿ, ಸ್ಯಾಂಪಲ್ ಮುಂದೆ ಲಾಂಗ್‌ಪಾಸ್ ಫಿಲ್ಟರ್ ಇಡಿ.

ಪಲ್ಸ್‌ಗಳ ಅಂತರವನ್ನು ನಾನು 690 ಫೆಮ್ಟೊಸೆಕೆಂಡ್‌ಗೆ ಇಡುತ್ತೇನೆ (ಕನ್ನಡಿ ಚಲನೆ ಸುಮಾರು 103 ಮೈಕ್ರೊಮೀಟರ್). ಹೆವಿ ಮತ್ತು ಲೈಟ್ ಹೋಲ್‌ಗಳ ಬೀಟ್ ಅವಧಿ (ಎರಡರ ಫೇಸ್ ಮತ್ತೆ ಒಂದಾಗಲು ಹಿಡಿಯುವ ಕಾಲ) 345 ಫೆಮ್ಟೊಸೆಕೆಂಡ್. ಅದರ ಎರಡರಷ್ಟು ಇಟ್ಟರೆ, ಸೀಳು ತಪ್ಪಿಸಿ ನುಸುಳಿದ ಲೈಟ್ ಹೋಲ್ ಕೂಡ ಜೊತೆಯಲ್ಲೇ ಅಳಿಯುತ್ತದೆ. 517 ಇಟ್ಟರೆ ಒಂದು ಅಳಿದು ಇನ್ನೊಂದು ಹೆಚ್ಚುತ್ತದೆ. ಫೇಸ್ ಎಲ್ಲಿದೆ ಎಂದು ತಿಳಿಯಲು ಸ್ಯಾಂಪಲ್‌ಗೆ ಹೋಗುವ ಪಂಪ್‌ನಿಂದ ಚೂರು ಬೆಳಕು ಕದ್ದು ಸ್ಪೆಕ್ಟ್ರೋಮೀಟರ್‌ಗೆ ಕೊಡಿ. 3.1 ನ್ಯಾನೊಮೀಟರ್‌ಗೊಂದರಂತೆ ಪಟ್ಟಿಗಳು ಕಾಣುತ್ತವೆ. ಕಪ್ಪು ಪಟ್ಟಿ ಎಕ್ಸೈಟಾನ್ ಗೆರೆಯ ಮೇಲೆ ಕೂತರೆ ಅದೇ ಅಳಿಸುವ ಫೇಸ್.

ಈ ಪಟ್ಟಿಯೇ ಒಂದು ಆಕ್ಷೇಪಕ್ಕೂ ದಾರಿ ಮಾಡಿಕೊಡುತ್ತದೆ. ಎಕ್ಸೈಟಾನ್ ತರಂಗಾಂತರದಲ್ಲಿ ಬೆಳಕೇ ಇಲ್ಲದಿದ್ದರೆ ಕೊನೆಗೆ ಎಕ್ಸೈಟಾನ್ ಉಳಿಯದಿರುವುದರಲ್ಲಿ ಅಚ್ಚರಿಯೇನು? ಈ ಆಕ್ಷೇಪ ನ್ಯಾಯವಾದದ್ದೇ. ಎರಡೂ ಪಲ್ಸ್ ಮುಗಿದ ಮೇಲಿನ ಒಟ್ಟು ಸಂಖ್ಯೆಯನ್ನಷ್ಟೇ ಅಳೆದವರು ಕಟ್ಟಿದ್ದು ಒಂದು ಫೂರಿಯೆ ಸ್ಪೆಕ್ಟ್ರೋಮೀಟರ್ ಅಷ್ಟೇ. ಅಳೆಯಲೆಂದೇ ಕಳಿಸುವ ಮೂರನೆಯ, ಪ್ರೋಬ್ ಪಲ್ಸ್ ಆ ಎರಡರ ನಡುವೆಯೂ ನೋಡಲೇಬೇಕು: ಪ್ರತಿಫಲನದ ಬದಲಾವಣೆ ಮೊದಲ ಪಲ್ಸ್‌ನಲ್ಲಿ ಮೆಟ್ಟಿಲಿನಂತೆ ಏರಬೇಕು, ಸಮತಟ್ಟಾಗಿ ನಿಲ್ಲಬೇಕು, ಎರಡನೆಯದರಲ್ಲಿ ಇಳಿಯಬೇಕು. ಆ ಇಳಿತ ಲಾಕ್-ಇನ್ (ಸಣ್ಣ ಸಿಗ್ನಲನ್ನು ಗದ್ದಲದಿಂದ ಹೆಕ್ಕುವ ಆಂಪ್ಲಿಫೈಯರ್) ಪರದೆಯ ಮೇಲೆ ಕಂಡಾಗ ಮಾತ್ರ ಅಳಿಸಿದ್ದೇವೆ ಎನ್ನುವ ಹಕ್ಕು ನಮಗಿದೆ. ಪ್ರೋಬ್‌ನ ಪೋಲರೈಸೇಶನ್ ಪಂಪ್‌ಗೆ ಅಡ್ಡವಾಗಿರಲಿ, ಅದರ ಚುಕ್ಕೆ ಪಂಪ್‌ನ 50 ಮೈಕ್ರೊಮೀಟರ್ ಚುಕ್ಕೆಗಿಂತ ಚಿಕ್ಕದಿರಲಿ. ಅಂಚಿನ ಪ್ರದೇಶ ಸೇರಿದರೆ ಕಾಂಟ್ರಾಸ್ಟ್ ಸುಳ್ಳು ಹೇಳುತ್ತದೆ.

ಪಂಪ್ ಪವರ್ 0.2 ಮಿಲಿವ್ಯಾಟ್‌ನಿಂದ ಶುರು ಮಾಡಿ. ಒಂದೇ ಫೇಸ್‌ನಲ್ಲಿ ಬಂದ ಎರಡು ಪಲ್ಸ್ ಹೆಚ್ಚುಕಡಿಮೆ ನಾಲ್ಕು ಪಟ್ಟು ಎಕ್ಸೈಟಾನ್ ಕೊಡುತ್ತವೆ ಎಂಬುದು ನೆನಪಿರಲಿ. ಪವರ್ ಅರ್ಧಕ್ಕೆ ಇಳಿಸಿದಾಗ ಕಾಂಟ್ರಾಸ್ಟ್ ಹೆಚ್ಚಾದರೆ, ಎಕ್ಸೈಟಾನ್‌ಗಳು ಪರಸ್ಪರ ತಾಕಿ ಫೇಸ್ ಕಳೆದುಕೊಳ್ಳುತ್ತಿದ್ದವು ಎಂದರ್ಥ, ಇನ್ನೂ ಇಳಿಸಿ.

ಸಮಬಲದ ಪಲ್ಸ್‌ಗಳಿಂದ ಅಳಿಸುವುದು ತಪ್ಪು. ಅಷ್ಟರಲ್ಲಿ ಕೊಹೆರೆನ್ಸ್ 0.85ಕ್ಕೆ ಇಳಿದಿರುವುದರಿಂದ ಎರಡನೆಯದರ ತೀವ್ರತೆ ಮೊದಲನೆಯದರ ಸುಮಾರು 73% ಇರಬೇಕು. ಹಾಗೆ ಮಾಡಿದರೂ 27% ಎಕ್ಸೈಟಾನ್ ಉಳಿಯುತ್ತದೆ. ಅವು ಫೇಸ್ ಮರೆತವು, ಯಾವ ಅಲೈನ್‌ಮೆಂಟ್‌ನಿಂದಲೂ ಹೋಗವು. ಅಂತರವನ್ನು 1035, 1380 ಹೀಗೆ 345ರ ಮಡಿಗಳಲ್ಲಿ ಹೆಚ್ಚಿಸಿ, ಪ್ರತಿ ಸಲ ಎರಡನೇ ಪಲ್ಸ್‌ನ ತೀವ್ರತೆ ತಕ್ಕಂತೆ ತಗ್ಗಿಸಿದರೆ ಉಳಿಕೆ 38%, 47% ಆಗುತ್ತ ಹೋಗುತ್ತದೆ. ಆ ಏರಿಕೆಯಿಂದ ಬಂದ T2, ಗೆರೆಯ ಅಗಲದಿಂದ ಬಂದ T2ಗೆ ಹೊಂದಿದರೆ ಪ್ರಯೋಗ ಸರಿಯಾಗಿ ಕೂತಿದೆ.