ಎಂಟು ಮನೆಗಳ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳುವ ಮುನ್ನ

ಮೈಸೂರಿನ ಗೋಕುಲಂ, ಜಯಲಕ್ಷ್ಮೀಪುರಂ, ಕುವೆಂಪುನಗರಗಳಲ್ಲಿ 30×40 ಅಡಿಯ ನಿವೇಶನ ಕೂಡ ಈಗ ಸಂಬಳದಾರರ ಕೈಗೆಟುಕುವುದು ಕಷ್ಟ. ರಿಂಗ್ ರಸ್ತೆಯ ಕಡೆ ಹೋದರೆ ಎತ್ತರದ ವಸತಿ ಸಮುಚ್ಚಯಗಳಿವೆ. ಇವೆರಡರ ನಡುವೆ ಇನ್ನೊಂದು ದಾರಿಯಿದೆ: ಹಳೆಯ ಮನೆ ಕೆಡವಿದ ಜಾಗದಲ್ಲಿ ಕೆಳಗೆ ವಾಹನ ನಿಲುಗಡೆ, ಮೇಲೆ ಮೂರೋ ನಾಲ್ಕೋ ಮಹಡಿ, ಒಟ್ಟು ಎಂಟು ಮನೆ. ತಾವೇ ವಾಸಿಸಲೆಂದು ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ತರಕಾರಿ, ಆಸ್ಪತ್ರೆ, ಬಸ್ಸು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ; ಲಿಫ್ಟ್ ಕೆಟ್ಟರೂ ಮೆಟ್ಟಿಲು ಹತ್ತಬಹುದು.

ಆದರೆ ಇಲ್ಲೊಂದು ಎಚ್ಚರ ಬೇಕು. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ ಎಂಟು ದಾಟದಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ನೋಂದಣಿ ಕಡ್ಡಾಯವಲ್ಲ. 50×80 ಅಡಿಯ ನಿವೇಶನವೆಂದರೆ ಸುಮಾರು 372 ಚದರ ಮೀಟರ್ ಅಷ್ಟೆ. ದೊಡ್ಡ ಯೋಜನೆಯ ನಕ್ಷೆ, ಅನುಮೋದನೆಗಳು ರೇರಾ ಜಾಲತಾಣದಲ್ಲೇ ಸಿಗುತ್ತವೆ. ಇಲ್ಲಿ ಪ್ರತಿಯೊಂದು ಕಾಗದವನ್ನೂ ನೀವೇ ಕೇಳಿ ಪಡೆಯಬೇಕು.

ಮೊದಲು ನೆಲದ ಲೆಕ್ಕ ಹಾಕಿ. ಕಟ್ಟಡಕ್ಕೆ ವಯಸ್ಸಾಗುತ್ತದೆ, ಬೆಲೆ ಉಳಿಯುವುದು ನೆಲಕ್ಕೆ. 4,000 ಚದರ ಅಡಿಯಲ್ಲಿ ಎಂಟು ಸಮಾನ ಮನೆಗಳಿದ್ದರೆ ನಿಮ್ಮ ಅವಿಭಜಿತ ಪಾಲು 500 ಚದರ ಅಡಿ. ಒಂದು ಎಕರೆಯಲ್ಲಿ 120 ಮನೆಗಳ ಗೋಪುರವಿದ್ದರೆ ಅದು 363ಕ್ಕೆ ಇಳಿಯುತ್ತದೆ. ಈ ಅಂಕಿ ಕ್ರಯಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಲೇಬೇಕು.

ನಂತರ ಮಾಲೀಕತ್ವ. ಇಂಥ ಕಟ್ಟಡಗಳಲ್ಲಿ ಹೆಚ್ಚಿನವು ಜಾಗದ ಮಾಲೀಕರು ಮತ್ತು ಬಿಲ್ಡರ್ ನಡುವಿನ ಜಂಟಿ ಅಭಿವೃದ್ಧಿ ಕರಾರಿನಿಂದ ಎದ್ದವು. ಆ ಕರಾರು ನೋಂದಣಿಯಾಗಿದೆಯೇ, ನೀವು ನೋಡಿದ ಮನೆ ಯಾರ ಪಾಲಿಗೆ ಬಂದಿದೆ ಎಂದು ಓದಿ ತಿಳಿಯಿರಿ. ಮೂಲ ಮಾಲೀಕರು ತೀರಿಕೊಂಡಿದ್ದರೆ ವಂಶವೃಕ್ಷ ತರಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಇಲ್ಲವೆಂದರೆ ಅಲ್ಲೇ ನಿಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅವರಿಗೆ ಸಮಾನ ಹಕ್ಕು ಕೊಟ್ಟಿದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ. ಪ್ರತಿ ಫ್ಲ್ಯಾಟಿಗೂ ಪ್ರತ್ಯೇಕ ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಇರಲಿ. ಇಷ್ಟನ್ನೂ ಬಿಲ್ಡರ್ ಸೂಚಿಸಿದ ವಕೀಲರಿಗಲ್ಲ, ನಿಮ್ಮದೇ ವಕೀಲರಿಗೆ ತೋರಿಸಿ.

ಮೂರನೆಯದು, ಅನುಮೋದಿತ ನಕ್ಷೆಯನ್ನು ಕೈಯಲ್ಲಿ ಹಿಡಿದು ಕಟ್ಟಡ ಸುತ್ತುವುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಟೇಪು ಹಿಡಿದು ಕಾಂಪೌಂಡ್‌ನಿಂದ ಗೋಡೆಯವರೆಗಿನ ಅಂತರ ಅಳೆಯಿರಿ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ಮುಂದೆ ನಿಂತು ಎಣಿಸಿ. ಎಂಟು ಮನೆಗೆ ಎಂಟು, ಲಿಫ್ಟ್ ಮತ್ತು ಮೋಟರಿಗೆ ಒಂದು, ಒಟ್ಟು ಒಂಬತ್ತು. ಹತ್ತನೆಯದು ಕಂಡರೆ ಅದು ಯಾವುದಕ್ಕೆಂದು ಕೇಳಿ; ನಕ್ಷೆಯಲ್ಲಿಲ್ಲದ ಒಂದು ಮನೆ ಟೆರೇಸಿನ ಮೇಲೆ ಎದ್ದಿರಬಹುದು. ಕಟ್ಟಡ ವಾಸಕ್ಕೆ ಯೋಗ್ಯವೆಂದು ಕೊಡುವ ಸ್ವಾಧೀನಾನುಭವ ಪತ್ರವನ್ನಂತೂ (ಒ.ಸಿ.) ನೋಡದೆ ಬಿಡಬೇಡಿ. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ‘ಆಮೇಲೆ ಮಾಡಿಸಿಕೊಡುತ್ತೇವೆ’ ಎಂಬ ಮಾತಿಗೆ ಮುಂಗಡ ಕೊಡಬೇಡಿ.

ನೀರನ್ನು ವಿಚಾರಿಸುವಾಗ ಕಾವೇರಿಯೋ ಕಬಿನಿಯೋ ಎಂದಷ್ಟೇ ಕೇಳಿದರೆ ಸಾಲದು. ವಾರದಲ್ಲಿ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ಲೀಟರಿನದು, ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತದೆಯೇ? ಬೀದಿ ಮೂಲೆಯ ದಿನಸಿ ಅಂಗಡಿಯವರಿಂದ ನಿಜವಾದ ಉತ್ತರ ಸಿಗುತ್ತದೆ.

ಇನ್ನು ನಿರ್ವಹಣೆ. 120 ಮನೆಗಳಲ್ಲಿ ಹತ್ತು ಜನ ಹಣ ಕೊಡದಿದ್ದರೂ ಕಾವಲುಗಾರನ ಸಂಬಳ ನಿಲ್ಲುವುದಿಲ್ಲ. ಎಂಟರಲ್ಲಿ ಇಬ್ಬರು ಕೊಡದಿದ್ದರೆ ಕಾಲು ಭಾಗವೇ ಖೋತಾ, ಲಿಫ್ಟ್ ದುರಸ್ತಿಗೂ ಪರದಾಟ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಮನೆಗಳ ಮತ್ತು ಸಾಮಾನ್ಯ ಜಾಗದ ಪಾಲನ್ನು ತಿಳಿಸುವ ಘೋಷಣಾ ಪತ್ರ ನೋಂದಣಿಯಾಗಿ ಸಂಘ ಇದೆಯೇ ನೋಡಿ. ಇಲ್ಲವಾದರೆ ಉಳಿದ ಏಳು ಮನೆಯವರನ್ನು ಒಮ್ಮೆ ಮಾತನಾಡಿಸಿ. ಇವರ ಜೊತೆ ಇಪ್ಪತ್ತು ವರ್ಷ ಒಂದೇ ಸಂಪಿನ ನೀರು ಕುಡಿಯಬೇಕಾದವರು ನೀವು.

ಮಕ್ಕಳು ವಿದೇಶದಲ್ಲಿದ್ದು ಒಬ್ಬಂಟಿಯಾಗಿರುವ ಹಿರಿಯರಿಗೆ ದಿನವಿಡೀ ಕಾವಲಿರುವ ದೊಡ್ಡ ಸಮುಚ್ಚಯವೇ ವಾಸಿ. ಮುಂದೆ ಮೇಲೊಂದು ಮಹಡಿ ಎಬ್ಬಿಸುವ ಆಸೆಯಿದ್ದರೆ ಸ್ವತಂತ್ರ ಮನೆಗೇ ಕಾಯಿರಿ.

ಕೊನೆಗೆ ಹಣ. ನಿರ್ಮಾಣ ಹಂತದ ಮನೆಗೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ; ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಅದಿಲ್ಲ. ಬೆಲೆ 50 ಲಕ್ಷ ರೂಪಾಯಿ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟನ್ನು ನೀವೇ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಕ್ರಯಪತ್ರದ ಕರಡಿನಲ್ಲಿ ಟೆರೇಸಿನ ಹಕ್ಕನ್ನು ಬಿಲ್ಡರ್ ಉಳಿಸಿಕೊಂಡಿದ್ದರೆ ಆ ಸಾಲನ್ನು ತೆಗೆಸಿದ ನಂತರವೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಿನ ಗೊತ್ತುಮಾಡಿಕೊಳ್ಳಿ.