ಅನುಮಾನದಷ್ಟು ಬೆಳ್ಳುಳ್ಳಿ

ಇಂಗ್ಲಿಷ್ ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ ಒಂದೇ ಒಂದು ಪದ ನನ್ನನ್ನು ಮೂರು ದಿನ ಕಾಡಿತು. ಲಂಡನ್ನಿನ ಒಬ್ಬ ಯಜಮಾನ, ಒಮ್ಮೆ ಪ್ಯಾರಿಸ್ ನೋಡಿ ಬಂದದ್ದನ್ನೇ ಬದುಕಿಡೀ ಹೇಳಿಕೊಂಡು ತಿರುಗುವವನು, ಸಾಸಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಅಡುಗೆಯವಳಿಗೆ ಅಪ್ಪಣೆ ಕೊಡುತ್ತಾನೆ: ಒಂದು ‘ಸೂಪ್‌ಸಾನ್’. ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಪದ, ಇದ್ದೂ ಇಲ್ಲದಷ್ಟು ಎಂದರ್ಥ. ನಾನು ‘ಎಳ್ಳಷ್ಟು ಬೆಳ್ಳುಳ್ಳಿ ಹಾಕು’ ಎಂದು ಬರೆದು ಮುಂದಕ್ಕೆ ಹೋಗಿದ್ದೆ. ಕರಡು ತಿದ್ದುವವರು ಪುಟದಂಚಿನಲ್ಲಿ ಪೆನ್ಸಿಲಿನಿಂದ ಕೇಳಿದರು: ‘ಎಳ್ಳೋ ಬೆಳ್ಳುಳ್ಳಿಯೋ? ಎರಡೂ ಹಾಕಬೇಕೆ?’

ನಕ್ಕೆ. ಆಮೇಲೆ ನಗು ನಿಂತಿತು. ಎಳ್ಳು ಅಡುಗೆಮನೆಯಲ್ಲಿ ಇರುವ ವಸ್ತು. ಅದನ್ನು ಅಳತೆಗೆ ಕರೆದರೆ ಒಗ್ಗರಣೆಗೂ ಬಂದು ಕೂರುತ್ತದೆ. ಇನ್ನೂ ಒಂದು ತೊಡಕಿತ್ತು. ‘ಎಳ್ಳಷ್ಟೂ ನಾಚಿಕೆಯಿಲ್ಲ’ ಎನ್ನುತ್ತೇವೆ, ‘ಎಳ್ಳಷ್ಟು ನಾಚಿಕೆಯಿದೆ’ ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಕಿಂಚಿತ್ತೂ ಇಲ್ಲ, ಲವಲೇಶವೂ ಇಲ್ಲ, ರವಷ್ಟೂ ಇಲ್ಲ, ಗಂಧಗಾಳಿಯೂ ಇಲ್ಲ. ನಮ್ಮ ಕಿರಿದರ ಪದಗಳಲ್ಲಿ ಬಹಳಷ್ಟು ‘ಇಲ್ಲ’ದ ಮನೆಗೆ ಸೊಸೆಯರಾಗಿ ಹೋಗಿಬಿಟ್ಟಿವೆ. ಯಜಮಾನನಿಗೋ ಬೆಳ್ಳುಳ್ಳಿ ಇರಬೇಕು. ಇದ್ದೂ ಇಲ್ಲದಂತಿರಬೇಕು.

ಫ್ರೆಂಚಿನಲ್ಲಿ ಈ ಮದುವೆ ಇನ್ನೂ ಗಟ್ಟಿಯಾಗಿ ನಡೆದಿದೆ. ‘ಪಾ’ ಎಂದರೆ ಹೆಜ್ಜೆ, ‘ಪ್ವಾಂ’ ಎಂದರೆ ಚುಕ್ಕೆ, ‘ಮಿ’ ಎಂದರೆ ರೊಟ್ಟಿಯ ಪುಡಿ, ‘ಗುತ್’ ಎಂದರೆ ಹನಿ. ‘ಒಂದು ಹೆಜ್ಜೆಯನ್ನೂ ಇಡಲಾರೆ’ ಎಂಬಂಥ ಮಾತುಗಳಲ್ಲಿ ಸವೆದು ಸವೆದು, ‘ಪಾ’ ಈಗ ಬರಿಯ ‘ಇಲ್ಲ’ ಆಗಿದೆ. ಆಡುಮಾತಿನಲ್ಲಿ ಅದರ ಜೊತೆಗಿದ್ದ ಮೂಲ ನಿಷೇಧಪದವೇ ಉದುರಿಹೋಗಿ, ಹೆಜ್ಜೆಯೊಂದೇ ನಿಂತು ಅಲ್ಲಗಳೆಯುತ್ತದೆ. ಇದು ನನ್ನ ವಾಕ್ಯಕ್ಕೆ ಉಪಯೋಗಕ್ಕೆ ಬರಲಿಲ್ಲ. ಆದರೆ ಎಳ್ಳನ್ನು ಏಕೆ ಬಿಡಬೇಕೆಂಬುದು ಇದರಿಂದ ಖಚಿತವಾಯಿತು.

ಇಂಥ ಪದ ಎದುರಾದಾಗ ನಾನು ಅಳತೆಯನ್ನು ಪಕ್ಕಕ್ಕಿಟ್ಟು ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡುತ್ತೇನೆ. ಸೂಪ್‌ಸಾನ್ ಫ್ರೆಂಚಿನಲ್ಲಿ ‘ಅನುಮಾನ’. ಲ್ಯಾಟಿನ್ನಿನಲ್ಲಿ ಕೆಳಗಿನಿಂದ ಮೇಲಕ್ಕೆ ನೋಡುವುದು ಎಂಬ ಕ್ರಿಯೆಯಿಂದ ಹುಟ್ಟಿದ್ದು. ಇದೇ ಕುಲದ ‘ಸಸ್ಪಿಷನ್’ ಇಂಗ್ಲಿಷಿನಲ್ಲಿ ಮೊದಲೇ ಇತ್ತು, ಮತ್ತು ‘ನಗುವಿನ ಒಂದು ಅನುಮಾನ’ ಎಂಬ ಅರ್ಥದಲ್ಲಿ ಅದನ್ನೂ ಬಳಸುತ್ತಾರೆ. ಹಾಗಿದ್ದೂ 18ನೆಯ ಶತಮಾನದಲ್ಲಿ ಅದರ ಫ್ರೆಂಚ್ ತಂಗಿಯನ್ನು, ಸಿ ಅಕ್ಷರದ ಕೆಳಗಿನ ಕೊಕ್ಕೆಯ ಸಮೇತ, ಮತ್ತೆ ಕರೆತಂದರು. ಕೊರತೆ ಪದದ್ದಲ್ಲ, ಠೀವಿಯದು. ನಮ್ಮ ಯಜಮಾನ ಬೆಳ್ಳುಳ್ಳಿಯನ್ನು ಅಳೆಯುತ್ತಿಲ್ಲ, ಆ ಕೊಕ್ಕೆಯನ್ನು ಅಡುಗೆಯವಳಿಗೆ ತೋರಿಸುತ್ತಿದ್ದಾನೆ.

‘ಮಾರ್ಸೆಲ್’ ಕೂಡ ಹೀಗೆಯೇ. ಲ್ಯಾಟಿನ್ನಿನ ‘ಕಚ್ಚು’ ಎಂಬ ಧಾತುವಿನಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು, ಕಚ್ಚಿ ತೆಗೆದಷ್ಟು. ಸೊಗಸೆಂದರೆ, ಇಂಗ್ಲಿಷಿನ ಸ್ವಂತ ಪದ ‘ಬಿಟ್’ ಕೂಡ ಕಚ್ಚಿದ್ದೇ, ‘ಬೈಟ್’ನ ಮಗ. ಇಬ್ಬರೂ ಒಂದೇ ಕೆಲಸ ಮಾಡಿ ಬೇರೆ ಬೇರೆ ಪಂಕ್ತಿಯಲ್ಲಿ ಕೂತಿದ್ದಾರೆ: ಒಬ್ಬ ಬಾಗಿಲ ಬಳಿ, ಒಬ್ಬ ಬೆಳ್ಳಿತಟ್ಟೆಯ ಮುಂದೆ. ಅದೇ ಧಾತುವಿನ ‘ರಿಮಾರ್ಸ್’, ಪಶ್ಚಾತ್ತಾಪ, ಮತ್ತೆ ಮತ್ತೆ ಕಚ್ಚುವುದು. ತಿನ್ನುವ ಮಾರ್ಸೆಲ್‌ಗೆ ನಾನು ‘ತುತ್ತು’ ಎನ್ನುತ್ತೇನೆ. ಸುದ್ದಿಯ ಮಾರ್ಸೆಲ್‌ಗೆ ತುತ್ತು ಹೊಂದದು, ಅಲ್ಲಿ ‘ಎಳೆ’ ನಡೆಯುತ್ತದೆ. ‘ಪಿಂಚ್’ ಕೂಡ ಫ್ರೆಂಚಿನ ದಾರಿಯಲ್ಲೇ ಬಂದದ್ದು, ಚಿಟಿಕೆ ಎಂದು ಬರೆದರೆ ಮುಗಿಯಿತು.

‘ಸ್ಕ್ರೂಪಲ್’ ಮಾತ್ರ ನನ್ನ ಮಾನ ಕಳೆಯಿತು. ಹಳೆಯ ಕಾಲದ ವೈದ್ಯನೊಬ್ಬನ ದಿನಚರಿಯನ್ನು ಅನುವಾದಿಸುತ್ತಿದ್ದೆ. ರೋಗಿಗೆ ಪುಡಿಯನ್ನು ‘ಒಂದು ಸ್ಕ್ರೂಪಲ್’ ಕೊಟ್ಟೆ ಎಂದಿತ್ತು. ಆತುರದಲ್ಲಿ ನಾನು ‘ಕೊಂಚ ಅಳುಕುತ್ತಲೇ ಪುಡಿ ಕೊಟ್ಟೆ’ ಎಂದು ಬರೆದೆ. ವಾಕ್ಯ ಚೆನ್ನಾಗಿಯೇ ಇತ್ತು, ವೈದ್ಯ ಮನುಷ್ಯತ್ವವುಳ್ಳವನಾಗಿ ಕಂಡ. ಎರಡು ಪುಟದ ನಂತರ ಅವನು ‘ಎರಡು ಸ್ಕ್ರೂಪಲ್’ ಕೊಟ್ಟಾಗ ನನಗೆ ಬೆವರಿತು. ಅದು ಔಷಧ ತೂಗುವವರ ಅಳತೆ: 20 ಗ್ರೇನ್, ಸುಮಾರು 1.3 ಗ್ರಾಂ; ಮೂರು ಸೇರಿದರೆ ಒಂದು ಡ್ರಾಂ. ಲ್ಯಾಟಿನ್ನಿನಲ್ಲಿ ಅದು ಚೂಪಾದ ಸಣ್ಣ ಕಲ್ಲು. ತೂಕವಾದದ್ದೂ ಅದೇ ಕಲ್ಲು, ಕಾಲಿಗೆ ಚುಚ್ಚುವ ಹರಳಿನಂತೆ ಮನಸ್ಸನ್ನು ಚುಚ್ಚಿ ‘ಅಳುಕು’ ಆದದ್ದೂ ಅದೇ. ಎರಡೂ ಅರ್ಥ ಫ್ರೆಂಚಿನಲ್ಲಿಯೂ ಇವೆ.

ಅದನ್ನು ಗುಲಗಂಜಿಗೆ ಇಳಿಸೋಣವೆಂದು ಲೆಕ್ಕಕ್ಕೆ ಕೂತೆ. ಬ್ರಿಟಿಷರ ಕಾಲದ ತೊಲ 180 ಗ್ರೇನ್, ಅದಕ್ಕೆ 96 ಗುಲಗಂಜಿ. ಹಾಗಾಗಿ ಒಂದು ಸ್ಕ್ರೂಪಲ್ ಎಂದರೆ ಹತ್ತೂವರೆಯಿಂದ ಹನ್ನೊಂದು ಗುಲಗಂಜಿಯ ನಡುವೆ. ಖುಷಿಯಾಯಿತು, ಆದರೆ ಬಳಸಲಿಲ್ಲ. ಇಂಗ್ಲೆಂಡಿನ ವೈದ್ಯನ ತಕ್ಕಡಿಯಲ್ಲಿ ಗುಲಗಂಜಿ ಬಂದರೆ ಓದುಗರಿಗೆ ನಮ್ಮ ಅಕ್ಕಸಾಲಿಯ ಅಂಗಡಿ ಕಾಣುತ್ತದೆ. ‘ಒಂದು ಸ್ಕ್ರೂಪಲ್ ತೂಕದ ಪುಡಿ’ ಎಂದೇ ಇಟ್ಟೆ.

ಬೆಳ್ಳುಳ್ಳಿಗೆ ಮರಳಿದರೆ, ಎರಡನೆಯ ದಿನ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ‘ಅಮ್ಮಾ, ಇಂಗು ಹಾಕಿದ್ದೀಯೋ ಇಲ್ಲವೋ ಎಂದು ತಿನ್ನುವವರಿಗೆ ಅನುಮಾನ ಬರಬೇಕು, ಅಷ್ಟು ಹಾಕು ಎನ್ನಲು ಏನು ಹೇಳುತ್ತೀಯೆ?’ ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಡದೆ ಹೇಳಿದಳು: ‘ಇಂಗು ತೋರಿಸಿ ತೆಗೆ ಎನ್ನುತ್ತೇನೆ.’ ಸ್ವಲ್ಪ ತಡೆದು, ‘ತುಪ್ಪವಾದರೆ ಶಾಸ್ತ್ರಕ್ಕೆ ಒಂದು ತೊಟ್ಟು’ ಎಂದಳು.

ಎರಡೂ ಚಿನ್ನದಂಥ ಮಾತು. ‘ಶಾಸ್ತ್ರಕ್ಕೆ’ ಎನ್ನುವುದರಲ್ಲಿ ಪ್ರಮಾಣಕ್ಕಿಂತ ಮನೋಭಾವವಿದೆ, ಸೂಪ್‌ಸಾನ್‌ನಲ್ಲಿ ಇರುವಂತೆಯೇ. ಆದರೆ ಅದರಲ್ಲಿ ಜಿಪುಣತನದ ವಾಸನೆಯೂ ಇದೆ. ನಮ್ಮ ಯಜಮಾನ ಜಂಬದವನೇ ಹೊರತು ಜಿಪುಣನಲ್ಲ. ‘ತೋರಿಸಿ ತೆಗೆ’ ಅವನ ಬಾಯಿಗೆ ಹೊಂದುವುದಿಲ್ಲ, ಅಡುಗೆ ಬಲ್ಲವರ ಮಾತು ಅದು. ಅದನ್ನು ಬೇರೆ ಕಡೆ ಬಳಸಲು ಬರೆದಿಟ್ಟುಕೊಂಡೆ. ಅದೇ ಕಾದಂಬರಿಯಲ್ಲಿ ಒಬ್ಬಳ ತುಟಿಯ ಮೇಲೆ ನಗುವಿನ ಸೂಪ್‌ಸಾನ್ ಇತ್ತು. ಅಲ್ಲಿ ‘ತುಟಿಯಂಚಿನಲ್ಲಿ ನಗು ಸುಳಿದು ಹೋಯಿತೇನೋ’ ಎಂದೆ. ‘ಏನೋ’ ಎಂಬ ಎರಡಕ್ಷರದಲ್ಲಿ ಫ್ರೆಂಚರ ಅನುಮಾನವೆಲ್ಲ ಅಡಗಿತು.

ಯಜಮಾನನಿಗೆ ಬೇಕಾದದ್ದು ಎರವಲು ತಂದ ಠೀವಿ. ಇಂಗ್ಲಿಷಿನವನು ಮೆರೆಯಲು ಫ್ರೆಂಚಿಗೆ ಹೋದರೆ, ಕನ್ನಡದವನು ಮೆರೆಯಲು ಎಲ್ಲಿಗೆ ಹೋಗುತ್ತಾನೆ? ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಒದ್ದೆ ಕೈಯಲ್ಲೇ ಬರೆದೆ: ‘ಲಶುನ, ಕೇವಲ ಲೇಶಮಾತ್ರ.’

ಕರಡು ಮರಳಿ ಬಂತು. ಪುಟದಂಚಿನಲ್ಲಿ ಅದೇ ಪೆನ್ಸಿಲು: ‘ಅಡುಗೆಯವಳಿಗೆ ಅರ್ಥವಾಯಿತೇ?’ ಮೂಲದಲ್ಲಿಯೂ ಅವಳಿಗೆ ಅರ್ಥವಾಗಿರಲಿಲ್ಲ. ಮುಂದಿನ ಸಾಲಿನಲ್ಲೇ ಅವಳು ‘ಆಗಲಿ ಸ್ವಾಮಿ’ ಎಂದು ನಾಲ್ಕು ಎಸಳು ಜಜ್ಜಿ ಹಾಕುತ್ತಾಳೆ.