ಸಾಫ್ಟ್‌ವೇರ್ ಸ್ವಾತಂತ್ರ್ಯಕ್ಕೆ ಮಂಡ್ಯದಲ್ಲೊಂದು ಧರಣಿ: ಹೇಗೆ ಮಾಡುವುದು?

ಮಂಡ್ಯದವರಿಗೆ ಧರಣಿ ಕೂರುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾವೇರಿ ಗಲಾಟೆ ಎದ್ದರೆ ಸಾಕು, ಸರ್ ಎಂ.ವಿ. ಪ್ರತಿಮೆ ಎದುರು ಶಾಮಿಯಾನ ಏಳುತ್ತದೆ. ಸಾಫ್ಟ್‌ವೇರ್ ಸ್ವಾತಂತ್ರ್ಯಕ್ಕೆ, ಅಂದರೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಬಳಸುವ, ತಿದ್ದುವ, ಹಂಚುವ ಹಕ್ಕಿಗೆ ಧರಣಿ ಎಂದರೆ ಮಾತ್ರ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಕೂಗುವುದಕ್ಕಿಂತ ತೋರಿಸುವ ಕೆಲಸ ಜಾಸ್ತಿ.

ಮೊದಲು ಒಂದೇ ಬೇಡಿಕೆ ಇಟ್ಟುಕೊಳ್ಳಿ. ‘ಎಲ್ಲ ಸಾಫ್ಟ್‌ವೇರ್ ಸ್ವತಂತ್ರವಾಗಲಿ’ ಎಂದರೆ ಯಾವ ಅಧಿಕಾರಿ ಏನು ಮಾಡಿಯಾರು? ‘ಸರ್ಕಾರಿ ಕಾಲೇಜಿನ ಲ್ಯಾಬ್‌ಗೆ ಲಿನಕ್ಸ್ ಹಾಕಿ’ ಎನ್ನಿ (ಲಿನಕ್ಸ್ ಎಂದರೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಸ್ವತಂತ್ರ ಸಾಫ್ಟ್‌ವೇರ್). ಕೇಂದ್ರ ಸರ್ಕಾರವೇ 2015ರಲ್ಲಿ ತನ್ನ ಇಲಾಖೆಗಳಿಗೆ ಓಪನ್ ಸೋರ್ಸ್ (ಕೋಡ್, ಅಂದರೆ ಪ್ರೋಗ್ರಾಂ ಬರೆದ ಸಾಲುಗಳು, ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ನೀತಿ ತಂದಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸ್ ಬಳಸುತ್ತಿವೆ. ಎರಡನ್ನೂ ಕರಪತ್ರದಲ್ಲಿ ಹಾಕಿ. ಕಾಲೇಜಿನ ಸಾಫ್ಟ್‌ವೇರ್ ಲೈಸೆನ್ಸ್‌ಗೆ ಎಷ್ಟು ಖರ್ಚಾಗಿದೆ ಎಂದು ಆರ್‌ಟಿಐ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನದ ಗಡುವಿದೆ. ಎರಡು ತಿಂಗಳು ಮೊದಲೇ ಹಾಕಿದರೆ ಒಳ್ಳೆಯದು.

ದಿನ ಯಾವುದು? ಸೆಪ್ಟೆಂಬರ್‌ನ ಮೂರನೇ ಶನಿವಾರ ಸಾಫ್ಟ್‌ವೇರ್ ಸ್ವಾತಂತ್ರ್ಯ ದಿನ. 2004ರಲ್ಲಿ ಶುರುವಾದ ಆಚರಣೆ ಇದು. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ, ಮೂರನೇ ಶನಿವಾರಕ್ಕೆ ಆ ರಜೆಯೂ ಇಲ್ಲ.

ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೂ ಪೊಲೀಸರಿಗೆ ಮೊದಲೇ ಬರೆದುಕೊಡಿ. ಮೈಕ್‌ಗೆ ಅನುಮತಿ ಬೇರೆ ಬೇಕು. ರಸ್ತೆ ತಡೆ ಬೇಡ, ಬಸ್ಸು ತಪ್ಪಿಸಿಕೊಂಡವನು ನಿಮ್ಮ ಮಾತು ಕೇಳುವುದಿಲ್ಲ.

ಈಗ ಮುಖ್ಯ ಕೆಲಸ. ಒಂದು ಮೇಜು, ಒಂದು ಹಳೇ ಕಂಪ್ಯೂಟರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿರುವ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಅಂಥದ್ದನ್ನೇ ತಂದು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಓಡಿಸಿ. ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ನೋಡಲು ಬಂದವರ ಕೈಯಲ್ಲೇ ಲಿಬ್ರೆಆಫೀಸ್‌ನಲ್ಲಿ (ಎಂಎಸ್ ಆಫೀಸ್‌ನಂಥ ಸ್ವತಂತ್ರ ಸಾಫ್ಟ್‌ವೇರ್) ಕನ್ನಡ ಟೈಪ್ ಮಾಡಿಸಿ. ಸಾಧ್ಯವಾದರೆ ಯುಪಿಎಸ್ ಇಟ್ಟುಕೊಳ್ಳಿ, ಕರೆಂಟ್ ನಂಬುವ ಹಾಗಿಲ್ಲ.

‘ಕೋಡು ಗೀಡು ನಮಗೇನು ಗೊತ್ತಣ್ಣ?’ ಎಂದು ಕೇಳುತ್ತಾರೆ. ಆಗ ಟ್ರ್ಯಾಕ್ಟರ್ ವಿಷಯ ತೆಗೆಯಿರಿ. ಅಮೆರಿಕದ ಎಷ್ಟೋ ರೈತರು ತಮ್ಮದೇ ಟ್ರ್ಯಾಕ್ಟರ್ ರಿಪೇರಿಗೆ ಕಂಪನಿಯ ಡೀಲರ್ ಬಾಗಿಲಿಗೆ ಹೋಗಬೇಕಾಗಿ ಬಂದಿದೆ, ಒಳಗಿನ ಸಾಫ್ಟ್‌ವೇರ್‌ಗೆ ಬೀಗ. ಇದೇ ವಿಷಯಕ್ಕೆ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ, 2025ರ ಜನವರಿಯಲ್ಲಿ ಟ್ರ್ಯಾಕ್ಟರ್ ಕಂಪನಿ ಜಾನ್ ಡೀರ್ ಮೇಲೆ ಕೇಸು ಹಾಕಿತು. ನಮಗೆ ಕೋಡ್ ಓದಲು ಬಾರದಿದ್ದರೂ, ಓದಬಲ್ಲವನ ಕೈಲಿ ಸರಿಮಾಡಿಸುವ ಹಕ್ಕು ಇರಬೇಕು, ಅಲ್ವಾ? ಇದನ್ನು ಹೇಳಿದ ಮೇಲೆ ನಾಲ್ಕು ಸ್ವಾತಂತ್ರ್ಯಗಳ ಬೋರ್ಡ್ ತೋರಿಸಿ: ಬೇಕಾದ್ದಕ್ಕೆ ಬಳಸುವುದು, ಬಿಚ್ಚಿ ನೋಡಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನೂ ಹಂಚುವುದು.

ವೇಷ ಹಾಕುವ ಆಸೆಯಿದ್ದರೆ ಹಾಕಿ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಹಾಡು, ಸಿನಿಮಾಗೆ ಹಾಕುವ ಡಿಜಿಟಲ್ ಬೀಗದ ವಿರುದ್ಧ ಕೆಲವರು ವಿಷಾನಿಲ ತಡೆಯುವಂಥ ಮೈತುಂಬ ಸೂಟ್ ತೊಟ್ಟು ನಿಂತಿದ್ದರು. ನಮ್ಮ ಬಿಸಿಲಿಗೆ ಟೀ ಶರ್ಟೇ ಸಾಕು.

ವಿಂಡೋಸ್ ಬಳಸುವವರನ್ನು ಮಾತ್ರ ಬೈಯಬೇಡಿ. ಸಂಜೆಯೊಳಗೆ ಪ್ರಾಂಶುಪಾಲರಿಗೂ ಜಿಲ್ಲಾಧಿಕಾರಿ ಕಚೇರಿಗೂ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳಿ.